ಹವಳದ ತೊಟ್ಟಿಗೆ ತಾನೇ ನೀರು ತುಂಬುವ ಯಂತ್ರ: ಮೊದಲು ಡ್ರಮ್ ಅಳೆಯಿರಿ

ಹವಳದ ತೊಟ್ಟಿ, ಅಂದರೆ ಜೀವಂತ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನನ್ನದು ತೊಟ್ಟಿ, ಸಂಪ್ ಎರಡೂ ಸೇರಿ 200 ಲೀಟರ್. (ಸಂಪ್ ಎಂದರೆ ನೆಲದಡಿಯದಲ್ಲ, ತೊಟ್ಟಿಯ ಕೆಳಗೆ ಕೂರುವ ಎರಡನೇ ಗಾಜಿನ ತೊಟ್ಟಿ. ನೀರು ಮೇಲಿಂದ ಇದಕ್ಕೆ ಇಳಿದು, ಪಂಪಿನಿಂದ ಮತ್ತೆ ಮೇಲೇರುತ್ತಿರುತ್ತದೆ.) ದಿನಕ್ಕೆ ಸುಮಾರು 3 ಲೀಟರ್ ಹಾರಿಹೋಗುತ್ತದೆ. ಅಷ್ಟನ್ನೂ ಆರ್‌ಒ ನೀರಿನಿಂದಲೇ ತುಂಬಬೇಕು; ಉಪ್ಪುನೀರು ಹಾಕುತ್ತಾ ಹೋದರೆ ಲವಣಾಂಶ ಏರುತ್ತಲೇ ಇರುತ್ತದೆ. ಬೆಳಿಗ್ಗೆ ಸಂಜೆ ಮಗ್ ಹಿಡಿದು ನಿಂತು ಸಾಕಾದ ಮೇಲೆ ಇದನ್ನು ಕಟ್ಟಿದೆ.

ಬೇಕಾದ್ದು ಇಷ್ಟು: ಡ್ರಮ್ಮಿನಿಂದ ಸಂಪಿಗೆ ನೀರು ಹಾಯಿಸಲು 12 ವೋಲ್ಟಿನ ಸಣ್ಣ ಡಿಸಿ ಪಂಪು, ಪ್ಲಾಸ್ಟಿಕ್ ಫ್ಲೋಟ್ ಸ್ವಿಚ್ (ನೀರಿನ ಮಟ್ಟ ನೋಡಿ ಕರೆಂಟ್ ಕೊಡುವ, ಕಡಿಯುವ ಸ್ವಿಚ್ಚು) ಎರಡು, ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು), ಅಡಾಪ್ಟರ್, ಸಣ್ಣ ಟ್ಯೂಬು, ಅಕ್ರಿಲಿಕ್ ತುಂಡು, ಆರ್‌ಒ ನೀರು ತುಂಬಿಡಲು ಮುಚ್ಚಳವಿರುವ ಡ್ರಮ್.

ಎಲ್ಲರೂ ಸ್ವಿಚ್ಚಿನಿಂದ ಶುರುಮಾಡುತ್ತಾರೆ. ನಾನು ಡ್ರಮ್ಮಿನಿಂದ ಶುರುಮಾಡಿ ಅನ್ನುತ್ತೇನೆ. ಯಂತ್ರ ಕೈಕೊಟ್ಟು ಡ್ರಮ್ಮಿನಲ್ಲಿರುವುದೆಲ್ಲ ಒಮ್ಮೆಲೇ ಸುರಿದರೆ ಏನಾಗುತ್ತದೆ, ಲೆಕ್ಕ ಹಾಕಿ. 200 ಲೀಟರಿಗೆ 10 ಲೀಟರ್ ಸಿಹಿನೀರು ಬಿದ್ದರೆ ಸಾವಿರಕ್ಕೆ 35 ಇದ್ದ ಲವಣಾಂಶ 33ರ ಆಸುಪಾಸಿಗೆ ಇಳಿಯುತ್ತದೆ. ಹವಳ ಮುಖ ಸಿಂಡರಿಸೀತು, ಬದುಕುತ್ತದೆ. 60 ಲೀಟರ್ ಬಿದ್ದರೆ 27. ಆಮೇಲೆ ಉಳಿಯುವುದು ಬರೀ ಬಿಳಿ ಅಸ್ಥಿಪಂಜರ. ಆದ್ದರಿಂದ ನನ್ನ ಡ್ರಮ್ 10 ಲೀಟರಿನದು, ಮೂರು ದಿನಕ್ಕೊಮ್ಮೆ ತುಂಬುತ್ತೇನೆ. ಆ 10 ಲೀಟರಿಗೂ, ಕರೆಂಟ್ ಹೋದಾಗ ಮೇಲಿಂದ ಇಳಿದುಬರುವ ನೀರಿಗೂ ಸಂಪಿನಲ್ಲಿ ಖಾಲಿ ಜಾಗ ಇರಲೇಬೇಕು.

ಈಗ ಸ್ವಿಚ್ಚು. ನಡುವಿನ ಕಡ್ಡಿಯೊಳಗೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ತುದಿಗಳು ಕೂಡುವ ಸ್ವಿಚ್ಚು), ಸುತ್ತ ತೇಲುವ ಬಿಲ್ಲೆಯಲ್ಲಿ ಅಯಸ್ಕಾಂತ. ಬಿಲ್ಲೆ ಇಳಿದಾಗ ಕರೆಂಟ್ ಹರಿಯಬೇಕು, ಏರಿದಾಗ ಕಡಿಯಬೇಕು. ಉಲ್ಟಾ ಆಗುತ್ತಿದ್ದರೆ ಬಿಲ್ಲೆಯನ್ನು ಕಳಚಿ ತಿರುಗಿಸಿ ಹಾಕಿದರೆ ಸಾಕು. ಸಂಪಿನಲ್ಲಿ ನೀರಿನ ಮಟ್ಟ ಇಳಿಯುವುದು ಮೇಲಕ್ಕೆ ನೀರೆತ್ತುವ ಪಂಪಿನ ಕೋಣೆಯಲ್ಲಿ ಮಾತ್ರ, ಹಾಗಾಗಿ ಸ್ವಿಚ್ಚುಗಳ ಜಾಗವೂ ಅದೇ. ಮೊದಲನೆಯದು ಮಾಮೂಲಿ ಮಟ್ಟಕ್ಕೆ, ಎರಡನೆಯದು ಅದಕ್ಕಿಂತ 3 ಸೆಂಟಿಮೀಟರ್ ಮೇಲೆ. ಎರಡನ್ನೂ ಸರಣಿಯಲ್ಲಿ ಜೋಡಿಸಿ ರಿಲೇಯ ಕಾಯಿಲ್‌ಗೆ ಕೊಡಿ. ಪಂಪಿನ ಕರೆಂಟ್ ರಿಲೇಯ ಮೂಲಕ ಹೋಗಲಿ. ನೇರವಾಗಿ ಕೊಟ್ಟರೆ ಪಂಪು ಶುರುವಾಗುವಾಗಿನ ಎಳೆತಕ್ಕೆ ರೀಡ್ ಸ್ವಿಚ್ಚಿನ ತುದಿಗಳು ಬೆಸೆದುಕೊಂಡುಬಿಡಬಹುದು. ರಿಲೇಯೇ ಅಂಟಿಕೊಂಡರೆ? ಆಗ ಎರಡು ಸ್ವಿಚ್ಚೂ ಲೆಕ್ಕಕ್ಕಿಲ್ಲ, ಕಾಯುವುದು ಸಣ್ಣ ಡ್ರಮ್ ಒಂದೇ.

ಸ್ವಿಚ್ಚುಗಳನ್ನು ಅಕ್ರಿಲಿಕ್ ತುಂಡಿಗೆ ನೈಲಾನ್ ಸ್ಕ್ರೂನಿಂದ ಬಿಗಿಯಿರಿ. ಹಿತ್ತಾಳೆ ಬೇಡವೇ ಬೇಡ. ಅದರೊಳಗಿನ ತಾಮ್ರ ಬಸವನಹುಳು, ಸೀಗಡಿಗಳಿಗೆ ವಿಷ. ಬಸವನಹುಳು ಅಂದೆ ನೋಡಿ, ಬಿಲ್ಲೆಯ ಕೆಳಗೆ ಹೋಗಿ ಕೂರುವುದೆಂದರೆ ಅದಕ್ಕೆ ಪರಮಪ್ರೀತಿ. ತೂತು ಕೊರೆದ ಪಿವಿಸಿ ಪೈಪಿನ ತುಂಡನ್ನು ಸ್ವಿಚ್ಚುಗಳ ಸುತ್ತ ಮುಸುಕಿನಂತೆ ಹಾಕಿ, ಒಳಗಿನ ಅಲೆಯಾಟವೂ ತಗ್ಗುತ್ತದೆ.

ಟ್ಯೂಬಿನ ತುದಿ ಮಾತ್ರ ಯಾವತ್ತೂ ನೀರಿಗೆ ತಾಗಬಾರದು, ಡ್ರಮ್ಮೂ ಸಂಪಿಗಿಂತ ಎತ್ತರದಲ್ಲಿರಬಾರದು. ಮೊದಲ ಸಲ ನಾನು 40 ಲೀಟರಿನ ಡ್ರಮ್ಮನ್ನು ಸ್ಟೂಲಿನ ಮೇಲಿಟ್ಟು ಟ್ಯೂಬನ್ನು ಸಂಪಿನೊಳಗೆ ಮುಳುಗಿಸಿದ್ದೆ. ಸದ್ದಾಗದಿರಲಿ ಎಂಬ ಆಸೆ. ರಾತ್ರಿ ಎರಡಕ್ಕೆ ಎಚ್ಚರವಾಯಿತು. ಯಾಕೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು: ಮೇಲಿನಿಂದ ನೀರಿಳಿಯುವ ಪೈಪಿನ ಗುಳುಗುಳು ನಿಂತಿತ್ತು. ದೀಪ ಹಾಕಿದರೆ ಸಂಪು ಅಂಚಿನವರೆಗೆ ತುಂಬಿದೆ. ಪಂಪು ಆಫ್ ಆಗಿತ್ತು, ಸ್ವಿಚ್ಚು ತನ್ನ ಕೆಲಸ ಮಾಡಿತ್ತು. ಎತ್ತರದ ಡ್ರಮ್ಮಿನಿಂದ ಸೈಫನ್ ತಾನಾಗಿಯೇ 20 ಲೀಟರ್ ಇಳಿಸಿತ್ತು. ಲವಣಾಂಶ 32. ಒಮ್ಮೆಲೇ ಉಪ್ಪು ಹಾಕಲಿಲ್ಲ. ಹೆಚ್ಚಿನ ನೀರು ತೆಗೆದು, ಮುಂದಿನ ದಿನಗಳಲ್ಲಿ ಆವಿಯಾದಷ್ಟನ್ನು ಉಪ್ಪುನೀರಿನಿಂದ ತುಂಬುತ್ತಾ ನಿಧಾನಕ್ಕೆ ಏರಿಸಿದೆ. ಈಗ ಡ್ರಮ್ ನೆಲದ ಮೇಲೆ, ಸಂಪಿಗಿಂತ ಕೆಳಗೆ. ಟ್ಯೂಬಿನ ತುದಿ ಸಂಪಿನ ಅಂಚಿಗಿಂತ ಎರಡು ಬೆರಳು ಮೇಲೆ. ತೊಟತೊಟ ಸದ್ದು ಬರುತ್ತದೆ, ಬರಲಿ.

ಅಡಾಪ್ಟರನ್ನು ಗೋಡೆಯ ಮೇಲೆ ಎತ್ತರದಲ್ಲಿ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಇರುವ ಲೈನಿಗೆ ಹಾಕಿ. ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಮತ್ತೆ ಮೇಲೇರಲಿ, ಹನಿ ಅಲ್ಲೇ ಉದುರುತ್ತದೆ.

ತಿಂಗಳಿಗೊಮ್ಮೆ ಎರಡೂ ಬಿಲ್ಲೆಗಳನ್ನು ಒಂದೊಂದಾಗಿ ಬೆರಳಿನಿಂದ ಎತ್ತಿ, ಪಂಪು ನಿಲ್ಲುತ್ತದೆಯೇ ನೋಡಿ. ಬಿಲ್ಲೆ ಸರಾಗವಾಗಿ ಜಾರದಿದ್ದರೆ ಸುಣ್ಣ ಕಟ್ಟಿದೆ ಎಂದರ್ಥ. ಕಳಚಿ ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಸಿ, ತೊಳೆದು ಹಾಕಿ. ಹಾಕುವಾಗ ಬಿಲ್ಲೆ ಉಲ್ಟಾ ಆಗದಂತೆ ಮೇಲ್ಮುಖಕ್ಕೆ ಮೊದಲೇ ಒಂದು ಗೀರು ಹಾಕಿಟ್ಟುಕೊಳ್ಳಿ.