ಶಾಸ್ತ್ರೀಯ ಸಂಗೀತ ಕೇಳಿ ಹಾಯ್ಕು ಬರೆಯುವುದು ಹೇಗೆ

ಹಾಯ್ಕು ಅಂದರೆ ಜಪಾನಿನ ಮೂರು ಸಾಲಿನ ಪುಟ್ಟ ಕವಿತೆ, ಸಾಲುಗಳಿಗೆ ಕ್ರಮವಾಗಿ ಐದು, ಏಳು, ಐದು ಅಕ್ಷರ. ಶಾಸ್ತ್ರೀಯ ಸಂಗೀತ ಕೇಳಿ ಅದನ್ನು ಬರೆಯಲು ಕೂತವರು ಹೆಚ್ಚಾಗಿ ಸಂಗೀತವನ್ನೇ ಹೊಗಳಿ ಎದ್ದುಬಿಡುತ್ತಾರೆ. ಹೀಗೆ:

ಮಧುರ ರಾಗ
ಮನಸು ತುಂಬಿ ಬಂತು
ಎಂಥ ಆನಂದ

ಐದು, ಏಳು, ಐದು. ಲೆಕ್ಕವೇನೋ ಸರಿಯಾಗಿದೆ. ಆದರೆ ಓದಿದವರಿಗೆ ಏನು ಸಿಕ್ಕಿತು? ಕಣ್ಣಿಗೆ ಕಾಣುವ ಒಂದು ವಸ್ತುವೂ ಇಲ್ಲ. ಆನಂದ ಬರೆದವರ ಹತ್ತಿರವೇ ಉಳಿದುಹೋಯಿತು. ಹಾಗಾಗಿ ರಾಗ, ನಾದ, ಇಂಪು, ಮಧುರ ಈ ಪದಗಳನ್ನೆಲ್ಲ ಮೊದಲೇ ಪಕ್ಕಕ್ಕಿಡಿ. ಕೇಳುವಾಗ ನಿಮ್ಮ ಕಣ್ಣ ಮುಂದೆ ಏನು ಬಂತೋ ಅದನ್ನು ಬರೆಯಿರಿ.

ಕೇಳಲು ಚಿಕ್ಕ ತುಣುಕು ಆರಿಸಿಕೊಳ್ಳಿ, ಮೂರು ನಾಲ್ಕು ನಿಮಿಷ ಸಾಕು. ಒಂದು ಗಂಟೆಯ ಕಛೇರಿಯನ್ನೋ ಇಡೀ ಸಿಂಫನಿಯನ್ನೋ 17 ಅಕ್ಷರಕ್ಕೆ ಇಳಿಸಲು ಹೋದರೆ ಕೈಗೆ ಬರುವುದು ಬರೀ ಅಭಿಪ್ರಾಯ. ಆಲಾಪನೆಯ ಶುರುವಿನ ಭಾಗ ಒಳ್ಳೆಯದು, ಪಾಶ್ಚಾತ್ಯ ಸಂಗೀತವಾದರೆ ನಿಧಾನ ಗತಿಯ ಭಾಗ. ಮೊದಮೊದಲು ವಾದ್ಯ ಸಂಗೀತವನ್ನೇ ಕೇಳಿ, ವೀಣೆ, ಕೊಳಲು, ಸಿತಾರ್, ಪಿಯಾನೋ ಯಾವುದಾದರೂ ಸರಿ. ಹಾಡಿನಲ್ಲಿ ಸಾಹಿತ್ಯ ಇದ್ದರೆ ಆ ಕವಿಯ ಮಾತುಗಳೇ ನಿಮ್ಮ ಸಾಲಿನೊಳಗೆ ಬಂದು ಕೂರುತ್ತವೆ.

ಮೊದಲ ಸಲ ಪೆನ್ನು ಹಿಡಿಯದೆ ಸುಮ್ನೆ ಕೇಳಿ. ಎರಡನೇ ಸಲ ಹೊಳೆದ ವಸ್ತುಗಳನ್ನು ಬಿಡಿ ಪದಗಳಲ್ಲಿ ಗೀಚಿ: ಕೊಡ, ಏಣಿ, ಒದ್ದೆ ಕಲ್ಲು, ಏನೇ ಇರಲಿ. ಇದಕ್ಕೂ ಸಂಗೀತಕ್ಕೂ ಏನು ಸಂಬಂಧ ಅಂತ ಆಗಲೇ ಕೇಳಿಕೊಳ್ಳಬೇಡಿ.

ಮೂರನೇ ಸಲ ಕೇಳುವುದು ಎಲ್ಲಕ್ಕಿಂತ ಮುಖ್ಯ. ಈಗ ಒಂದೇ ಒಂದು ಜಾಗ ಹುಡುಕಿ, ಸಂಗೀತ ತಿರುಗುವ ಜಾಗ. ಗಾಯಕಿ ನಿಷಾದದಲ್ಲೇ (‘ನಿ’ ಸ್ವರ) ನಿಂತು ನಿಂತು, ಮೇಲಿನ ಷಡ್ಜಕ್ಕೆ (‘ಸ’ ಸ್ವರ) ಇನ್ನೇನು ಹೋಗುತ್ತಾಳೆ ಅನ್ನುವಾಗ ಹೋಗದೆ ಹಿಂದಕ್ಕೆ ಸರಿಯುತ್ತಾಳಲ್ಲ, ಆಗ ನಮ್ಮ ಉಸಿರೂ ಅಲ್ಲೇ ನಿಲ್ಲುತ್ತದೆ, ಅಲ್ವಾ? ಅಂಥ ಜಾಗ. ಪಿಯಾನೋದಲ್ಲಿ ಎಡಗೈ ಇದ್ದಕ್ಕಿದ್ದಂತೆ ಸುಮ್ಮನಾಗುವುದೂ ಅಂಥದ್ದೇ. ಹಾಯ್ಕುವಿಗೂ ಇಂಥದ್ದೊಂದು ತಿರುವು ಬೇಕು. ಜಪಾನಿನವರು ಅದಕ್ಕೆ ಕಿರೇಜಿ, ಅಂದರೆ ಸಾಲನ್ನು ಕತ್ತರಿಸುವಂಥ ಪುಟ್ಟ ಪದ ಬಳಸುತ್ತಾರೆ. ಜಪಾನಿ ಕವಿ ಬಾಶೋ 1686ರಲ್ಲಿ ಬರೆದ ಕಪ್ಪೆಯ ಹಾಯ್ಕುವಿನಲ್ಲಿ ಹಳೆಯ ಕೊಳ ಬಂದ ಮೇಲೆ ‘ಯಾ’ ಅಂತ ಒಂದು ತಡೆ ಬರುತ್ತದೆ. ಕಪ್ಪೆ ಹಾರುವುದು, ನೀರು ಸದ್ದು ಮಾಡುವುದು ಎಲ್ಲ ಅದಾದ ಮೇಲೆ. ಕನ್ನಡದಲ್ಲಿ ಒಂದು ಗೆರೆ ಎಳೆದರೂ ನಡೆಯುತ್ತದೆ. ಆ ನಿಷಾದ ಕೇಳಿ ಬರೆದದ್ದು ಇದು:

ತುಂಬಿದ ಕೊಡ —
ಅಂಚಲ್ಲಿ ನಿಂತ ಹನಿ
ಇನ್ನೂ ಬಿದ್ದಿಲ್ಲ

ಸಂಗೀತದ ಹೆಸರೇ ಇಲ್ಲ, ಆದರೆ ಆ ತಡೆ ಇದೆ. ನನಗೆ ಬೇಕಾದದ್ದೂ ಅದೇ.

ಭಾವದ ಪದ ನುಸುಳಿದರೆ ಅದರ ಜಾಗಕ್ಕೆ ವಸ್ತು ತನ್ನಿ. ಇಟಲಿಯ ಸಂಗೀತಗಾರ ವಿವಾಲ್ಡಿಯ ‘ನಾಲ್ಕು ಋತುಗಳು’ 1725ರಲ್ಲಿ ಅಚ್ಚಾದಾಗ ಪ್ರತಿ ಋತುವಿಗೂ ಒಂದೊಂದು ಸಾನೆಟ್ (ಹದಿನಾಲ್ಕು ಸಾಲಿನ ಕವಿತೆ) ಜೊತೆಗಿತ್ತು. ಚಳಿಗಾಲದ ಎರಡನೇ ಭಾಗ ಅಭ್ಯಾಸಕ್ಕೆ ತುಂಬಾ ಚೆನ್ನಾಗಿದೆ. ಅಲ್ಲಿ ಒಂದಷ್ಟು ವಯೊಲಿನ್‌ಗಳ ತಂತಿಯನ್ನು ಬೆರಳಲ್ಲಿ ಮೀಟುತ್ತಾರೆ, ಅದು ಹೊರಗಿನ ಮಳೆ. ಅದರ ಮೇಲೆ ಒಂಟಿ ವಯೊಲಿನ್ ಬೆಂಕಿಯ ಪಕ್ಕ ಕೂತವರ ಹಾಗೆ ಹಾಯಾಗಿ ಹಾಡುತ್ತದೆ. ಇದನ್ನು ಕೇಳಿ ‘ಹೊರಗೆ ಮಳೆ, ಒಲೆಯ ಪಕ್ಕದಲ್ಲಿ, ಮನಕೆ ಶಾಂತಿ’ ಅಂತ ಬರೆಯುವುದು ಸುಲಭ. ‘ಶಾಂತಿ’ ತೆಗೆದು ಶಾಂತವಾಗಿರುವ ಯಾರನ್ನಾದರೂ ಅಲ್ಲಿ ಕೂರಿಸಿ:

ಹೊರಗೆ ಮಳೆ —
ಒಲೆಯ ಪಕ್ಕದಲ್ಲಿ
ಬೆಕ್ಕಿನ ನಿದ್ದೆ

ಇನ್ನು ಎಣಿಕೆ. ಜಪಾನಿ ಲೆಕ್ಕದಲ್ಲಿ ದೀರ್ಘ ಸ್ವರ ಎರಡಾಗುತ್ತದೆ, ಅದು ನಮ್ಮ ಛಂದಸ್ಸಿನ ಮಾತ್ರೆಗೆ ಹತ್ತಿರ. ಆದರೆ ಕನ್ನಡದಲ್ಲಿ 17 ಮಾತ್ರೆಗೆ ಕಟ್ಟಿಹಾಕಿದರೆ ಉಸಿರಾಡಲೂ ಜಾಗ ಇರುವುದಿಲ್ಲ. ಅಕ್ಷರ ಎಣಿಸಿದರೆ ಸಾಕು, ಒತ್ತಕ್ಷರವೂ ಒಂದೇ. ಒಂದು ಅಕ್ಷರ ಹೆಚ್ಚು ಕಮ್ಮಿ ಆದರೂ ಚಿಂತೆಯಿಲ್ಲ, ಲೆಕ್ಕ ತುಂಬಿಸಲು ಸುಮ್ಮನೆ ಒಂದು ಪದ ತುರುಕುವುದಕ್ಕಿಂತ ಅದೇ ವಾಸಿ.

ಆದರೂ ಮಾತ್ರೆಯನ್ನು ಪೂರ್ತಿ ಮರೆಯಬೇಡಿ, ಕೇಳಿದ ಲಯ ಕವಿತೆಯೊಳಗೆ ಬರುವುದು ಅಲ್ಲಿಂದಲೇ. ‘ಹೊರಗೆ ಮಳೆ’ ಐದಕ್ಷರ, ಐದೂ ಲಘು, ಮೀಟಿದ ತಂತಿಯ ಹಾಗೆ ಪಟಪಟ ಓಡುತ್ತದೆ. ‘ಇನ್ನೂ ಬಿದ್ದಿಲ್ಲ’ ಕೂಡ ಐದೇ ಅಕ್ಷರ, ಆದರೆ 9 ಮಾತ್ರೆ. ನಾಲಿಗೆ ಅಲ್ಲಿ ನಿಧಾನ ಮಾಡಲೇಬೇಕು. ವಿಳಂಬ (ನಿಧಾನ) ಗತಿಯದ್ದು ಕೇಳಿದಾಗ ಗುರು ಜಾಸ್ತಿ ಇರುವ ಪದ ಹುಡುಕಿ, ದ್ರುತ (ವೇಗದ್ದು) ಕೇಳಿದಾಗ ಲಘು. ದ್ರುತದಲ್ಲಿ ಚಿತ್ರ ಬೇಗ ಜಾರಿಹೋಗುತ್ತದೆ, ಹಾಗಾಗಿ ಕ್ರಿಯಾಪದವನ್ನು ಮೊದಲು ಹಿಡಿಯಿರಿ: ಜಿಗಿಯಿತು, ಚದುರಿತು, ಮುರಿಯಿತು.

ಋತುವಿನ ಸೂಚನೆ ಹಾಯ್ಕುವಿನ ಹಳೆಯ ನಿಯಮ. ಹಿಂದೂಸ್ತಾನಿ ಕೇಳುವವರಿಗೆ ಇದು ಸಲೀಸು, ಅಲ್ಲಿ ರಾಗಗಳಿಗೆ ಋತುವೋ ದಿನದ ಹೊತ್ತೋ ಇರುತ್ತದೆ: ಮಲ್ಹಾರ್ ಮಳೆಯದ್ದು, ಬಸಂತ್ ವಸಂತದ್ದು, ಭೈರವ್ ಬೆಳಗಿನದ್ದು, ಯಮನ್ ಸಂಜೆಯದ್ದು. ಹಾಗಂತ ಮಲ್ಹಾರ್ ಕೇಳಿದ ತಕ್ಷಣ ಮೋಡ, ನವಿಲು ಬರೆಯಬೇಡಿ. ಮಳೆಗಾಲದಲ್ಲಿ ನೀವೇ ಮುಟ್ಟಿದ, ಮೂಸಿದ ವಸ್ತು ಒಂದು ಇರುತ್ತದಲ್ಲ, ಅದು ಬರಲಿ.

ಬರೆದ ಮೇಲೆ ಒಂದು ರಾತ್ರಿ ಬಿಟ್ಟು, ಸಂಗೀತ ಹಾಕದೆ, ಜೋರಾಗಿ ಓದಿ. ಸಂಗೀತ ಇಲ್ಲದೆಯೂ ನಿಂತರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅದೇ ತುಣುಕನ್ನು ಮತ್ತೆ ಕೇಳಿ, ಬೇರೆ ತಿರುವು ಸಿಗುತ್ತದೆ. ರಾಗದ ಹೆಸರನ್ನು ಶೀರ್ಷಿಕೆಯಾಗಿ ಇಡಬೇಡಿ, ಓದುವವರು ಕವಿತೆ ಬಿಟ್ಟು ರಾಗವನ್ನು ನೆನೆಯಲು ಹೋಗುತ್ತಾರೆ. ಯಾವ ಕೃತಿ, ಯಾರು ನುಡಿಸಿದ್ದು, ಎಷ್ಟನೇ ನಿಮಿಷ ಅನ್ನುವುದನ್ನು ಪುಟದ ಹಿಂದೆ ನಿಮಗೋಸ್ಕರ ಬರೆದಿಡಿ.