ಸ್ಲೈಡಿಂಗ್ ಬಾಗಿಲು ಬಿಗಿಯಾಗಿದೆಯೇ? ಮೊದಲು ಚಕ್ರ ನೋಡಿ

ಒಂದು ಬೆರಳಿಗೆ ಸರಿಯುತ್ತಿದ್ದ ಗಾಜಿನ ಬಾಗಿಲು ಹಳತಾದಂತೆ ಎರಡೂ ಕೈ ಬೇಡುತ್ತದೆ, ಆಮೇಲೆ ಭುಜ. ಅಷ್ಟು ಹೊತ್ತಿಗೆ ಲಾಕ್ ಕೂಡ ಕೂರುವುದನ್ನು ನಿಲ್ಲಿಸಿರುತ್ತದೆ. ಲಾಕೇ ಕೆಟ್ಟಿದೆ ಎಂದು ನಾನು ಹೊಸದನ್ನು ತಂದು ಹಾಕಿದೆ. ಅದೂ ಕೂರಲಿಲ್ಲ. ತಳದ ಚಕ್ರಗಳು ಸವೆದು ಬಾಗಿಲು ಒಂದಿಷ್ಟು ಕುಸಿದಿತ್ತು. ಲಾಕಿನ ಕೊಕ್ಕೆ ಎದುರಿನ ಕಿಂಡಿಗಿಂತ ಕೆಳಗೆ ಹೋಗಿ ಬಡಿಯುತ್ತಿತ್ತು. ಹಾಗಾಗಿ ಕೆಲಸ ಕೆಳಗಿನಿಂದಲೇ ಶುರುವಾಗಲಿ.

ಟ್ರ್ಯಾಕಿನ ಕಸವನ್ನು ಹಳೆಯ ಟೂತ್‌ಬ್ರಷ್‌ನಿಂದ ಕೆದಕಿ, ವ್ಯಾಕ್ಯೂಮ್‌ನಿಂದ ಎಳೆದುಬಿಡಿ. ಎಷ್ಟೋ ಬಾಗಿಲುಗಳು ಇಷ್ಟಕ್ಕೇ ಸರಿಹೋಗುತ್ತವೆ. ಆಗದಿದ್ದರೆ ಬಾಗಿಲ ತಳದ ಎರಡೂ ತುದಿ ನೋಡಿ: ಚಿಕ್ಕ ರಂಧ್ರ ಇರುತ್ತದೆ, ಕೆಲವದಕ್ಕೆ ಪ್ಲಾಸ್ಟಿಕ್ ಮುಚ್ಚಳ. ಒಳಗಿನ ಸ್ಕ್ರೂ ತಿರುಗಿಸಿದರೆ ಚಕ್ರ ಮೇಲೆ ಕೆಳಗೆ ಆಗುತ್ತದೆ. ಯಾವ ಕಡೆಗೆ ತಿರುಗಿಸಬೇಕೆಂಬುದು ಎಲ್ಲ ಬಾಗಿಲಿಗೂ ಒಂದೇ ಅಲ್ಲ. ಅರ್ಧ ಸುತ್ತು ತಿರುಗಿಸಿ, ಬಾಗಿಲು ಏರಿತೋ ಇಳಿಯಿತೋ ನೋಡಿಕೊಳ್ಳಿ. ತುಕ್ಕು ಹಿಡಿದ ಸ್ಕ್ರೂ ಮೇಲೆ ಬಲ ಬೇಡ, ತಲೆ ಸವೆದರೆ ಡ್ರಿಲ್ ಮಾಡಿಯೇ ತೆಗೆಯಬೇಕಾದೀತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ.

ಇದಕ್ಕೂ ಬಗ್ಗದಿದ್ದರೆ ಚಕ್ರ ನೋಡಲು ಬಾಗಿಲನ್ನೇ ಕಳಚಬೇಕು, ಅದಕ್ಕೆ ಇಬ್ಬರು ಬೇಕೇ ಬೇಕು. ಗಾಜಿನ ತೂಕ ಕಣ್ಣಿಗೆ ಕಾಣುವುದಿಲ್ಲ, ಎತ್ತಿದಾಗಲೇ ಗೊತ್ತಾಗುವುದು. ಕೈಗವಸು, ಗಟ್ಟಿ ಚಪ್ಪಲಿ ಹಾಕಿಕೊಳ್ಳಿ. ಮೇಲಿನ ಟ್ರ್ಯಾಕಿನಲ್ಲಿ ಬಾಗಿಲನ್ನು ಎತ್ತಲು ಬಿಡದ ತಡೆಗಟ್ಟೆ ಇದ್ದರೆ ಮೊದಲು ಅದನ್ನು ಬಿಚ್ಚಿ. ಅದೇ ಸ್ಕ್ರೂಗಳನ್ನು ತಿರುಗಿಸಿ ಚಕ್ರಗಳನ್ನು ಪೂರ್ತಿ ಒಳಕ್ಕೆ ಸರಿಸಿ, ಬಾಗಿಲನ್ನು ನೇರ ಮೇಲಕ್ಕೆತ್ತಿ, ತಳಭಾಗವನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಚಕ್ರ ಟ್ರ್ಯಾಕಿನ ಏಣಿಗೆ, ಅಂದರೆ ಅದು ಉರುಳುವ ಉಬ್ಬು ಗೆರೆಗೆ, ಸಿಕ್ಕಿಕೊಂಡರೆ ಪುಟ್ಟಿ ಬಳಿಯುವ ಚಪ್ಪಟೆ ಚಾಕುವಿನಿಂದ ಚಕ್ರವನ್ನು ಮೇಲಕ್ಕೆ ಒತ್ತಿ ದಾಟಿಸಿ. ಕಳಚಿದ ಬಾಗಿಲನ್ನು ಮೂಲೆಯ ಮೇಲೆ ನಿಲ್ಲಿಸದೆ ಕಂಬಳಿ ಹಾಸಿ ಮಲಗಿಸಿ.

ನನ್ನ ಬಾಗಿಲಿನ ಒಂದು ಚಕ್ರಕ್ಕೆ ಕೂದಲು ದಾರದುಂಡೆಯಂತೆ ಸುತ್ತಿಕೊಂಡಿತ್ತು. ಚಕ್ರ ಉರುಳುತ್ತಲೇ ಇರಲಿಲ್ಲ, ಸುಮ್ಮನೆ ತೆವಳುತ್ತಿತ್ತು. ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಇಂಥದ್ದಕ್ಕೆ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ.

ಹಳೆಯ ಚಕ್ರ ಕೈಗೆ ಬರುವ ಮೊದಲು ಹೊಸದನ್ನು ಕೊಳ್ಳಬೇಡಿ. ನೋಡಲು ಒಂದೇ ಥರ ಕಂಡರೂ ಚಕ್ರದ ವ್ಯಾಸ, ಅದರ ಗೂಡಿನ ಅಗಲ, ಎತ್ತರ, ಉದ್ದ, ಅಂಚು ಚಪ್ಪಟೆಯೋ ತಗ್ಗೋ ಎಲ್ಲ ಬೇರೆಬೇರೆ. ಹಳೆಯದನ್ನೇ ಹಿಡಿದುಕೊಂಡು ಹೋಗಿ. ಒಂದೇ ಸವೆದಿದ್ದರೂ ಎರಡನ್ನೂ ಬದಲಿಸಿ, ಇಲ್ಲದಿದ್ದರೆ ಬಾಗಿಲು ಒಂದು ಕಡೆಗೆ ವಾಲುತ್ತದೆ. ಕೆಲವು ಅಲ್ಯೂಮಿನಿಯಂ ಬಾಗಿಲುಗಳಲ್ಲಿ ಚಕ್ರ ತೆಗೆಯಲು ತಳದ ಪಟ್ಟಿಯನ್ನೇ ಬಿಚ್ಚಬೇಕು. ಗಾಜು ಅಲುಗಾಡುವ ಕೆಲಸ ಅದು, ಕೈ ಪಳಗಿದವರಿಗೆ ಬಿಡುವುದು ಜಾಣತನ.

ಈಗ ಟ್ರ್ಯಾಕಿನ ಏಣಿನ ಮೇಲೆ ಬೆರಳಾಡಿಸಿ. ತಗ್ಗು ಬಿದ್ದಿದ್ದರೆ ಹೊಸ ಚಕ್ರವೂ ಬೇಗ ಹಾಳಾಗುತ್ತದೆ. ಹಳೆಯ ಏಣಿನ ಮೇಲೆ ಕೂರಿಸುವ ಸ್ಟೇನ್‌ಲೆಸ್ ಸ್ಟೀಲ್ ಹೊದಿಕೆ ಸಿಗುತ್ತದೆ, ಅದನ್ನು ಅಳತೆಗೆ ಕತ್ತರಿಸಿ ಹಾಕಬಹುದು. ಬಾಗಿಲ ಅಂಚಿನ ಬ್ರಷ್ ಪಟ್ಟಿ ಬೋಳಾಗಿದ್ದರೆ ಬಾಗಿಲು ಕೆಳಗಿಳಿಸಿರುವಾಗಲೇ ಬದಲಿಸಿಬಿಡಿ.

ಮೇಲಂಚನ್ನು ಮೊದಲು ಸೇರಿಸಿ ಬಾಗಿಲು ಕೂರಿಸಿ. ಪೂರ್ತಿ ಮುಚ್ಚುವ ಮುನ್ನ ಬಾಗಿಲಿಗೂ ಚೌಕಟ್ಟಿಗೂ ನಡುವೆ ಉಳಿಯುವ ಸಂದು ಮೇಲಿಂದ ಕೆಳಗೆ ಒಂದೇ ಅಗಲ ಇರುವವರೆಗೆ ಎರಡೂ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ. ತಡೆಗಟ್ಟೆಯನ್ನು ಮರೆಯದೆ ಮತ್ತೆ ಹಾಕಿ. ಟ್ರ್ಯಾಕಿಗೆ ಸಿಲಿಕೋನ್ ಸ್ಪ್ರೇ ಸಾಕು. ಎಣ್ಣೆ, ಗ್ರೀಸ್ ಹಚ್ಚಿದರೆ ಧೂಳು ಮೆತ್ತಿಕೊಳ್ಳುತ್ತದೆ.

ಲಾಕಿನ ಸರದಿ ಈಗ. ಕೊಕ್ಕೆ ಇನ್ನೂ ಕಿಂಡಿಗೆ ಸಿಗದಿದ್ದರೆ ಎದುರಿನ ತಗಡಿನ ಎರಡು ಸ್ಕ್ರೂ ಸಡಿಲಿಸಿ ಮೇಲೆ ಕೆಳಗೆ ಸರಿಸಿ ನೋಡಿ. ಹಿಡಿಯನ್ನೂ ಬದಲಿಸುವುದಾದರೆ ಎರಡು ಸ್ಕ್ರೂ ರಂಧ್ರಗಳ ನಡುವಿನ ದೂರವನ್ನು ಮಧ್ಯದಿಂದ ಮಧ್ಯಕ್ಕೆ ಅಳೆದುಕೊಂಡು ಹೋಗಿ. ನನ್ನ ಹಳೆಯ ಲಾಕನ್ನು ಮತ್ತೆ ಹಾಕಿದೆ, ಮೊದಲ ಸಲಕ್ಕೇ ಟಕ್ ಎಂದು ಕೂತಿತು.