ಗಡಸು ಬೋರ್ ನೀರಲ್ಲಿ ಕೋಕೋಪೀಟ್ ಸೌತೆ: ಐದು ಗುಂಟೆಯ ಲೆಕ್ಕ

ಹಿರಿಯೂರು ಕಡೆಯ ಬೋರ್ ನೀರಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಆಗಿಬರಲ್ಲ, ಎರಡೇ ತಿಂಗಳಲ್ಲಿ ಉಪ್ಪು ಕಟ್ಟಿ ಗಿಡ ಸಾಯುತ್ತೆ ಅಂದವರೇ ಎಲ್ಲ. ಮೂರನೇ ಬೆಳೆಯಲ್ಲಿ ಗಿಡಕ್ಕೆ ನಾಲ್ಕೂವರೆ ಕೆಜಿ ಸೌತೆ ತೂಗಿದ ಮೇಲೆ ಅವರೇ ಬಂದು ಬ್ಯಾಗ್ ಎಣಿಸಿಕೊಂಡು ಹೋದರು. ಪೀಟು ತುಂಬಿದ 600 ಬ್ಯಾಗ್, 1,200 ಗಿಡ.

ಮಣ್ಣು ಬಿಟ್ಟಿದ್ದು ಬೇರುಗಂಟು ಜಂತುಹುಳದ ಕಾಟಕ್ಕೆ. ಬೇವಿನ ಹಿಂಡಿ, ಚೆಂಡುಹೂ, ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಎಲ್ಲ ಮುಗಿದಿತ್ತು.

ಮೊದಲ ಬೆಳೆ ಕೆಡಿಸಿದ್ದು ಪೀಟು. ಅಗ್ಗದ ಪೀಟಿನ ಇಟ್ಟಿಗೆ ತಂದು ಎರಡು ಸಲ ತೊಳೆದೆ, ಇಸಿ (ನೀರಲ್ಲಿ ಕರಗಿದ ಉಪ್ಪಿನ ಅಳತೆ) ಇಳಿಯಿತು, ಸಾಕೆಂದುಕೊಂಡೆ. ತೊಳೆದರೆ ಹೋಗುವುದು ಕರಗುವ ಉಪ್ಪು ಮಾತ್ರ; ನಾರಿಗೆ ಅಂಟಿದ ಸೋಡಿಯಂ, ಪೊಟ್ಯಾಷ್ ಅಲ್ಲೇ ಇರುತ್ತವೆ. ನಾರು ನಾವು ಕೊಟ್ಟ ಕ್ಯಾಲ್ಸಿಯಂ ಹಿಡಿದುಕೊಂಡು ಅವನ್ನು ಗಿಡಕ್ಕೆ ಬಿಡುತ್ತದೆ. ಎಳೆ ಎಲೆ ಕೊಡೆಯಂತೆ ಕೆಳಗೆ ಬಾಗಿ ಅಂಚು ಸುಟ್ಟರೆ ಇದೇ ಕಾರಣ. ಏಳು ರೂಪಾಯಿಯ ಬೀಜ, ಮುನ್ನೂರು ಗಿಡ ಕಿತ್ತೆಸೆದೆ. ಈಗ 5 ಕೆಜಿ ಇಟ್ಟಿಗೆಗೆ 150ರಿಂದ 200 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, 25–30 ಲೀಟರ್ ನೀರು, ಒಂದು ರಾತ್ರಿ. ಆಮೇಲೆ ಹೊರಬರುವ ನೀರಿನ ಇಸಿ ಬೋರ್ ನೀರಿನ ಹತ್ತಿರ ಬರುವತನಕ ತೊಳೆಯುವುದು. 180 ಇಟ್ಟಿಗೆಗೆ ಒಂದೂಕಾಲು ಚೀಲ ಖರ್ಚಾಯಿತು.

ಎರಡನೇ ಬೆಳೆ ಕೆಡಿಸಿದ್ದು ನೀರು. ನಮ್ಮ ಬೋರಿನಲ್ಲಿ ಇಸಿ 1.1, ಪಿಎಚ್ ಏರಿಸುವ ಬೈಕಾರ್ಬನೇಟ್ ಲೀಟರಿಗೆ 420 ಮಿಲಿಗ್ರಾಂ ಆಸುಪಾಸು. ಪಿಎಚ್ ಇಳಿಸಲು ಬರೀ ಫಾಸ್ಫರಿಕ್ ಆಸಿಡ್ ಸುರಿದೆ. ಸಾವಿರ ಲೀಟರಿಗೆ 400 ಮಿಲಿ ಬೇಕಾಯಿತು, ರಂಜಕ ಗಿಡಕ್ಕೆ ಬೇಕಾದ್ದಕ್ಕಿಂತ ಮೂರು ನಾಲ್ಕು ಪಟ್ಟಾಯಿತು. ಕಬ್ಬಿಣ ಸಿಗದೆ ತುದಿ ಎಲೆ ಹಳದಿ, ಡ್ರಿಪ್ಪರ್ ಬಾಯಲ್ಲಿ ಬಿಳಿ ಗಸಿ. ಈಗ ಅಷ್ಟೇ ನೀರಿಗೆ 85 ಪರ್ಸೆಂಟಿನ ಫಾಸ್ಫರಿಕ್ 100 ಮಿಲಿ, ಉಳಿದಿದ್ದಕ್ಕೆ 60 ಪರ್ಸೆಂಟಿನ ನೈಟ್ರಿಕ್ 330 ಮಿಲಿ. ಪಿಎಚ್ 5.8–6ಕ್ಕೆ ನಿಲ್ಲುತ್ತೆ. ನೈಟ್ರಿಕ್ಕಿನಿಂದ ಬರುವ ಸಾರಜನಕ, ಲೀಟರಿಗೆ 60 ಮಿಲಿಗ್ರಾಂ, ಗೊಬ್ಬರದ ಲೆಕ್ಕದಲ್ಲಿ ಕಳೆಯಬೇಕು. ಮರೆತರೆ ಬಳ್ಳಿ ಹಬ್ಬುತ್ತೆ, ಕಾಯಿ ಇಲ್ಲ. ನೀರಿಗೆ ಆಸಿಡ್ ಹಾಕಿ, ಆಸಿಡ್ಡಿಗೆ ನೀರಲ್ಲ. ಕಬ್ಬಿಣದ ಗೊಬ್ಬರದಲ್ಲಿ ಇಡಿಟಿಎ ಬಗೆ ಬಿಟ್ಟು ಇಡಿಡಿಎಚ್‌ಎ. ದುಬಾರಿ, ಆದರೆ ಪಿಎಚ್ ಏರಿದರೂ ಕೆಲಸ ಮಾಡುತ್ತೆ.

ಗಿಡಕ್ಕೆ ಹೋಗುವ ಇಸಿ 2.2–2.4. ಕೊಟ್ಟ ನೀರಿನ ಕಾಲು ಭಾಗ ಬ್ಯಾಗಿನಿಂದ ಹೊರಬರಲೇಬೇಕು. ಬಸಿದ ನೀರಿನ ಇಸಿ ಕೊಟ್ಟ ನೀರಿಗಿಂತ ಒಂದು ಅಂಕಿ ಮೇಲೆ ಹೋದರೆ ಮರುದಿನ ಬರೀ ಆಸಿಡ್ ಹಾಕಿದ ನೀರು. ಉಪ್ಪು ಕಟ್ಟುತ್ತೆ ಅಂದವರು ಈ ಕಾಲು ಭಾಗವನ್ನು ಉಳಿಸಲು ಹೋದವರೇ. ನಮ್ಮಲ್ಲಿ ಅದು ನೇಪಿಯರ್ ಹುಲ್ಲಿಗೆ ಹೋಗುತ್ತೆ, ಹುಲ್ಲಿಗೆ ಬೇರೆ ಗೊಬ್ಬರ ಹಾಕಿಲ್ಲ. ಕಾಯಿ ಇಳಿದ ಕೊನೆಯ ಹದಿನೈದು ದಿನ ಪೊಟ್ಯಾಷ್ ಎಷ್ಟು ಏರಿಸುತ್ತೇನೆ ಅನ್ನುವುದು ಮಾತ್ರ ಇಲ್ಲಿ ಬರೆಯಲ್ಲ, ಬೇಕಾದರೆ ತೋಟಕ್ಕೆ ಬನ್ನಿ.

ಪಂಪಿಗೆ ತ್ರೀಫೇಸ್ ಕರೆಂಟ್ ದಿನಕ್ಕೆ ಏಳು ಗಂಟೆ. ಏಪ್ರಿಲ್‌ನಲ್ಲಿ ನಡುಮಧ್ಯಾಹ್ನ ನೀರಿಲ್ಲದಿದ್ದರೆ ಬ್ಯಾಗಿನ ಗಿಡ ಎರಡು ಗಂಟೆಯಲ್ಲಿ ತಲೆ ಬಗ್ಗಿಸುತ್ತೆ, ಮಣ್ಣಿನ ಹಾಗೆ ತಡೆಯಲ್ಲ. ಆರೂವರೆ ಅಡಿ ಕಟ್ಟೆಯ ಮೇಲೆ ಸಾವಿರ ಲೀಟರ್ ಟ್ಯಾಂಕ್ ಇಟ್ಟೆ. ಗಂಟೆಗೆ 4 ಲೀಟರ್ ಡ್ರಿಪ್ಪರ್ ಆ ಎತ್ತರದಿಂದ ಎರಡು ಲೀಟರೂ ಕೊಡಲ್ಲ. ಸಾಲು ಚಿಕ್ಕದು ಮಾಡಿ ಹೊತ್ತು ಹೆಚ್ಚಿಸಿದರೆ ಸಾಕು.

ನಡುವೆ ದಾವಣಗೆರೆ ಮಿಲ್ಲಿನ ಸುಟ್ಟ ಉಮಿಯನ್ನೂ ಮೂವತ್ತು ಪರ್ಸೆಂಟ್ ಬೆರೆಸಿ ನೋಡಿದೆ. ಅರೆಸುಟ್ಟ ಕರಿ ಬೇರಿಗೆ ಗಾಳಿ ಕೊಟ್ಟಿತು, ಬಾಯ್ಲರ್ ಬಿಳಿ ಬೂದಿ ಮಾತ್ರ ಗಾರೆಯಂತೆ ಗಟ್ಟಿಯಾಗಿ ಪಿಎಚ್ ಏರಿಸಿತು. ಕರಿ ಸಿಕ್ಕರೆ ಇನ್ನೊಂದು ಸಾಲು ನೋಡುತ್ತೇನೆ.

ಪಾಲಿಹೌಸ್ ಬಿಟ್ಟು ಬ್ಯಾಗ್, ಪೀಟು, ಡ್ರಿಪ್ ಸೇರಿ 65–70 ಸಾವಿರ. ಮೂರನೇ ಬೆಳೆಯಲ್ಲಿ ಐದು ಟನ್ ಮೇಲೆ ಹೋಯಿತು, ಸರಾಸರಿ ಇಪ್ಪತ್ತು ರೂಪಾಯಿ. ಬೀಜ, ಗೊಬ್ಬರ, ಆಸಿಡ್, ಕೂಲಿ ಕಳೆದರೆ ಹಳೇ ನಷ್ಟದ ಅರ್ಧ ತೀರಿದೆ. ಇನ್ನೊಂದು ಬೆಳೆ ಆದ ಮೇಲೆ ಹಳೇ ಪೀಟನ್ನು ಹೊರಗಿನ ಕೆಂಪು ಮಣ್ಣಿನ ಮಡಿಗೆ ಸುರಿದು ಬೆಂಡೆ ಹಾಕಬೇಕು. ಅಲ್ಲಿ ಜಂತುಹುಳ ಇನ್ನೂ ಬಂದಿಲ್ಲ.